ಮಾವನ ಮಡಕೆಯ ಯೀಸ್ಟ್ ಲಿಸ್ಬನ್ನಿಗೆ ಹೋದದ್ದು

ಬಂದ್ಯೋಡು, ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಮೊದಲು ಹೇಳುವುದು ಅಲ್ಲಿನ ಚಳಿ ಮತ್ತು ಊಟದ ಕಷ್ಟ. ನಾನು ಹೋದಾಗ ಚಳಿ ಇರಲಿಲ್ಲ, ಊಟದ್ದನ್ನು ಆಮೇಲೆ ಹೇಳುತ್ತೇನೆ. ನಾನು ಪೋರ್ಚುಗಲ್ಲಿಗೆ ಹೋದದ್ದು ಜಗಳಕ್ಕೆ. ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದರ ಮದುವೆಯ ವಿಷಯದಲ್ಲಿ.

ನನ್ನ ಕೆಲಸ ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವುದು. ಮನೆ ಬಂದ್ಯೋಡಿನ ಪೇಟೆಯಿಂದ ಸ್ವಲ್ಪ ಒಳಗೆ. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಹೆಕ್ಕಿ ನನ್ನನ್ನು ಓದಿಸಿದವಳು. ಅಮ್ಮನ ತಮ್ಮ ಬಾಬು ಮಾವ ಮುಳ್ಳೇರಿಯದ ಆಚೆ ಇಂದಿಗೂ ತೆಂಗಿನ ಮರ ಹತ್ತಿ ಕಳ್ಳು ಇಳಿಸುವವರು. ಅಜ್ಜನದ್ದೂ ಅದೇ ಕೆಲಸ. ನಾನು ಡಾಕ್ಟರೇಟ್ ಮಾಡಿದ್ದೂ ಕಳ್ಳಿನ ಯೀಸ್ಟಿನ ಮೇಲೆ. ಹಾಗಾಗಿ ಕಾಲೇಜಿನ ಮಕ್ಕಳು ಬೆನ್ನ ಹಿಂದೆ ನನ್ನನ್ನು "ಕಳ್ಳು ಟೀಚರ್" ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹಾಜರಿ ಕರೆಯುವಾಗ ನಾನೇ ಆ ಹೆಸರಿನಿಂದ ಸಹಿ ಹಾಕಲೇ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತೇನೆ.

ವಿಷಯ ಇಷ್ಟೇ. ಯೀಸ್ಟ್ ಎಂದರೆ ಒಂದೇ ಕೋಶದ ಜೀವಿ. ಸಿಹಿ ಸಿಕ್ಕಿದಷ್ಟು ದಿನ ಮೈಮೇಲೊಂದು ಮೊಗ್ಗು ಬಿಟ್ಟು, ಆ ಮೊಗ್ಗನ್ನು ಕಳಚಿ, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚುತ್ತದೆ. ಅದಕ್ಕೆ ಯಾರ ಹಂಗೂ ಬೇಡ. ಆಹಾರ ಮುಗಿದು ಹೊಟ್ಟೆಗೆ ಕಷ್ಟವಾದಾಗಲೇ ಅದಕ್ಕೆ ಸಂಸಾರದ ನೆನಪಾಗುವುದು. ಆಗ ಬೇರೆ ಬೇರೆ ಬಗೆಯ ಎರಡು ಕೋಶಗಳು ಒಂದನ್ನೊಂದು ಹುಡುಕಿ ಸೇರಿಕೊಳ್ಳುತ್ತವೆ. ಸೇರಿದ ಆ ಒಂದು ಕೋಶದ ಒಳಗೆ ನಾಲ್ಕು ಬೀಜಕಗಳು ಹುಟ್ಟುತ್ತವೆ. ಗಟ್ಟಿ ಕವಚದ ಬೀಜಕಗಳು, ಒಣಗಿದರೂ ಸಾಯುವುದಿಲ್ಲ. ಮತ್ತೆ ಸಿಹಿ ಸಿಕ್ಕಿದ ದಿನ ಮೊಳೆಯುತ್ತವೆ. ಆ ಎರಡು ಬಗೆಗಳಿಗೆ ಗಂಡು ಹೆಣ್ಣು ಎನ್ನುವುದು ನಮ್ಮ ಅನುಕೂಲಕ್ಕೆ. ನೋಡಲು ಎರಡೂ ಒಂದೇ ತರ.

ಮಾವನ ಮಡಕೆಯಲ್ಲಿ ನನಗೆ ಸಿಕ್ಕಿದ ಯೀಸ್ಟ್ ಪುಸ್ತಕಗಳಲ್ಲಿ ಕಾಣದ ಜಾತಿಯದು. ಅದರ ಬೀಜಕಗಳು ಅಂಚುಳ್ಳ ಪುಟ್ಟ ಟೊಪ್ಪಿಯ ಆಕಾರದಲ್ಲಿವೆ. ಮಳೆಗಾಲದಲ್ಲಿ ಮಾವ ಮರ ಹತ್ತುವುದನ್ನು ನಿಲ್ಲಿಸುವ ಮೊದಲು ಮಡಕೆಗಳ ತಳದ ಮಡ್ಡಿಯನ್ನು ಒಂದು ಮಡಕೆ ಚೂರಿಗೆ ಸವರಿ, ನೆರಳಲ್ಲಿ ಒಣಗಿಸಿ, ಅಡುಗೆಮನೆಯ ಅಟ್ಟದಲ್ಲಿ ಇಡುತ್ತಾರೆ. ಮಳೆ ಬಿಟ್ಟ ಮೇಲೆ ಅದನ್ನು ಕೆರೆದು ಹೊಸ ಮಡಕೆಗೆ ಹಾಕುವುದು. ಆ ಚೂರಿನಿಂದ ಕೆರೆದ ಪುಡಿಯಲ್ಲೇ ನಾನು ಟೊಪ್ಪಿಗಳನ್ನು ಕಂಡದ್ದು. ಚಿತ್ರ ತೆಗೆದು, ಕಾಗದಪತ್ರಗಳನ್ನೆಲ್ಲ ಸರಿಮಾಡಿ, ಲಿಸ್ಬನ್ನಿನ ನದಿಯಾಚೆಯ ಒಂದು ಪ್ರಯೋಗಾಲಯಕ್ಕೆ ಎರಡು ಟ್ಯೂಬು ಕಳಿಸಿದೆ. ಒಂದರಲ್ಲಿ ಒಂದೇ ಒಂದು ಬೀಜಕದಿಂದ ಬೆಳೆಸಿದ ಅಪ್ಪಟ ಶುದ್ಧ ಯೀಸ್ಟ್, ಇನ್ನೊಂದರಲ್ಲಿ ಚೂರಿನ ಪುಡಿ.

ತಿಂಗಳುಗಳ ನಂತರ ಅಲ್ಲಿನ ಪ್ರೊಫೆಸರ್ ಟೆರೇಜಾ ಎಂಬವರಿಂದ ಉತ್ತರ ಬಂತು. ನಿಮ್ಮ ಶುದ್ಧ ಟ್ಯೂಬನ್ನು ಎಷ್ಟು ಉಪವಾಸ ಕೆಡವಿದರೂ ಬೀಜಕ ಬಿಡಲಿಲ್ಲ. ನೀವು ಕಂಡ ಟೊಪ್ಪಿಗಳು ಮಡಕೆಯ ಕೊಳೆಯಲ್ಲಿದ್ದ ಬೇರೆ ಯಾವುದೋ ಯೀಸ್ಟಿನದ್ದಿರಬೇಕು. ಇದನ್ನು ಲೈಂಗಿಕ ಜೀವನ ಇಲ್ಲದ ಯೀಸ್ಟುಗಳ ಪಟ್ಟಿಗೆ ಸೇರಿಸುತ್ತೇವೆ. ಒಪ್ಪಿಗೆ ಇಲ್ಲದಿದ್ದರೆ ಮೂರು ವಾರ ಬಂದು ಮಾಡಿ ತೋರಿಸಿ.

ಪತ್ರ ತುಂಬ ಮರ್ಯಾದೆಯಿಂದಲೇ ಇತ್ತು. ಆದರೆ ಕೊಳೆ ಎಂಬ ಮಾತು ನನಗೆ ನಾಟಿತು. ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಕೊಳೆಯಾ?" ಎಂದರು ಮಾವ. "ನನ್ನ ಮಡಕೆಯಲ್ಲಿ ಕೊಳೆ ಉಂಟು ಅಂತ ಹೇಳಿದವಳು ಯಾರು ಮಾರಾಯ್ತಿ? ಅವಳು ನೋಡಿದ್ದಾಳಾ ನನ್ನ ಮಡಕೆ?"

"ಇಲ್ಲ ಮಾವ. ನನ್ನ ಟ್ಯೂಬಿನಲ್ಲಿ ಬೀಜ ಹುಟ್ಟಲಿಲ್ಲವಂತೆ."

"ಹಾಗಾದರೆ ಹೋಗಿ ಹುಟ್ಟಿಸಿ ತೋರಿಸಿ ಬಾ. ಇಲ್ಲಿ ಕೂತು ನನ್ನ ಹತ್ತಿರ ಎಂತಕ್ಕೆ ಹೇಳುದು?"

ನದಿಯಾಚೆ, ಮೊದಲ ಬೆಳಿಗ್ಗೆ

ಮೊದಲ ಪೆಟ್ಟು ಪ್ರೊಫೆಸರಿಗೇ ಬಿತ್ತು. ಅಲ್ಲಿಯವರು ಪರಿಚಯವಾದ ಕೂಡಲೇ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಟೆರೇಜಾ ಮುಂದೆ ಬಾಗಿದರು, ನಾನು ಕೈ ಜೋಡಿಸಿ ತಲೆ ಬಗ್ಗಿಸಿದೆ. ನನ್ನ ಹಣೆ ಅವರ ಕನ್ನಡಕಕ್ಕೆ ಬಡಿದು ಕನ್ನಡಕ ನೆಲಕ್ಕೆ ಬಿತ್ತು. ಜಗಳಕ್ಕೆಂದು ಬಂದವಳು ಬಾಗಿಲಲ್ಲೇ ಶುರುಮಾಡಿದ ಹಾಗಾಯಿತು.

ಎರಡನೆಯದು ಚಪ್ಪಲಿಯದ್ದು. ನಮ್ಮ ಕಾಲೇಜಿನಲ್ಲಿ ಲ್ಯಾಬಿನ ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವುದು ರೂಢಿ. ಒಳಗೆ ಧೂಳು ಬರಬಾರದು, ಮತ್ತೆ ವಿದ್ಯೆ ಕಲಿಯುವ ಜಾಗ ಬೇರೆ. ಇಲ್ಲಿಯೂ ಹಾಗೇ ಬಾಗಿಲ ಹೊರಗೆ ಜೋಡಿಸಿ ಬಿಟ್ಟು ಒಳಗೆ ಹೋದೆ. ಅಲ್ಲಿನ ಹಳೆಯ ಸಹಾಯಕ ಜುವಾಕಿಂ, ನಿವೃತ್ತಿಗೆ ಹತ್ತಿರದ ಮನುಷ್ಯ, ನನ್ನ ಬರಿಗಾಲು ನೋಡಿ ಬೆಂಕಿ ಬಿದ್ದವರ ಹಾಗೆ ಕೂಗಿದರು. ಗಾಜು, ಆಸಿಡ್ಡು, ಬಿಸಿನೀರು ಇರುವ ಕಡೆ ಬೆರಳೆಲ್ಲ ಮುಚ್ಚುವ ಶೂಸು ಬೇಕೇಬೇಕಂತೆ. ಅಲ್ಲಿಂದ ಮೂರು ವಾರ ನಾನು ಅವರ ಹೆಂಡತಿಯ ಹಳೆಯ ಶೂಸು ಹಾಕಿಕೊಂಡೇ ಸಂಶೋಧನೆ ಮಾಡಿದ್ದು. ಒಂದು ಅಳತೆ ದೊಡ್ಡದು, ನಡೆದರೆ ಟಪಟಪ ಶಬ್ದ.

ಊಟದ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಾನು ಉಪವಾಸ ಬೀಳಲಿಲ್ಲ. ಅವರಿಗೆ ಒಣಮೀನು ಎಂದರೆ ಪ್ರಾಣ. ಉಪ್ಪು ಹಾಕಿ ಒಣಗಿಸಿದ, ಹಲಗೆಯಷ್ಟು ದೊಡ್ಡ ಮೀನನ್ನು ನೆನೆಸಿ, ಬೇಯಿಸಿ, ಬಟಾಟೆಯ ಜೊತೆ ಕೊಡುತ್ತಾರೆ. ಒಂದು ಒಣಮೆಣಸು ಮತ್ತು ಸ್ವಲ್ಪ ಹುಳಿ ಇದ್ದಿದ್ದರೆ ಕುಂಜತ್ತೂರಿನ ದೊಡ್ಡಮ್ಮನ ಮನೆಯಲ್ಲಿ ಉಂಡ ಹಾಗೇ ಆಗುತ್ತಿತ್ತು. ಕಿಟಕಿಗೆ ನಾವು ಊರಲ್ಲಿ ಜನೇಲು ಎನ್ನುವುದು ಇವರಿಂದಲೇ ಬಂದದ್ದು ಎಂದು ಅಲ್ಲಿ ಗೊತ್ತಾಯಿತು. ಗೇರುಮರವನ್ನು ನಮ್ಮ ಕಡೆ ತಂದು ನೆಟ್ಟದ್ದೂ ಇವರೇ. ಮಲಯಾಳಿಗಳು ಅದಕ್ಕೆ ಇಂದಿಗೂ ಪರಂಗಿ ಮಾವು, ಅಂದರೆ ಪರದೇಶದವರ ಮಾವು, ಎನ್ನುತ್ತಾರೆ. ಇದನ್ನು ಹೇಳಿದಾಗ ಟೆರೇಜಾ ಸ್ವಲ್ಪ ಹೆಮ್ಮೆಪಟ್ಟರು. ನನ್ನ ಅಮ್ಮ ಆ ಗೇರಿನ ಬೀಜ ಹೆಕ್ಕಿಯೇ ನನ್ನನ್ನು ಇಲ್ಲಿಯವರೆಗೆ ಮುಟ್ಟಿಸಿದ್ದು ಎಂದು ನಾನೂ ಹೆಮ್ಮೆಪಟ್ಟೆ. ಲೆಕ್ಕ ಸಮ ಆಯಿತು.

ಮಧ್ಯಾಹ್ನ ಅವರು ಶೀತಲ ಕೋಣೆಯಿಂದ ತಟ್ಟೆಗಳ ಗೋಪುರವನ್ನೇ ತಂದು ನನ್ನ ಮುಂದೆ ಇಟ್ಟರು. ನನ್ನ ಶುದ್ಧ ಟ್ಯೂಬಿನ ಯೀಸ್ಟನ್ನು ಅವರು ಹಾಕದ ಆಹಾರವಿಲ್ಲ, ಇಡದ ಬಿಸಿಯಿಲ್ಲ. ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದುಂಡಗಿನ ಕೋಶಗಳು ಸುಮ್ಮನೆ ಕೂತಿದ್ದವು. ಒಂದು ಟೊಪ್ಪಿಯೂ ಇಲ್ಲ.

"ನಾನು ಮೋಸ ಮಾಡುತ್ತಿಲ್ಲ, ನೋಡಿ," ಎಂದರು ಟೆರೇಜಾ. ಅವರದ್ದು ನೇರ ಮಾತು, ಗಡಿಯಾರ ನೋಡುತ್ತಾ ಮಾತಾಡುವ ಸ್ವಭಾವ. "ಕೊನೆಯ ಶುಕ್ರವಾರ ನಮ್ಮ ಗುಂಪಿನ ಸಭೆ. ಅಂದು ಪಟ್ಟಿ ಮುಗಿಸುತ್ತೇನೆ. ಅದರೊಳಗೆ ಬೀಜಕ ತೋರಿಸಿದರೆ ಬದಲಾಯಿಸುತ್ತೇನೆ."

ಸರಿ ಎಂದು ತಟ್ಟೆಗಳನ್ನು ನನ್ನ ಕಡೆಗೆ ಎಳೆದುಕೊಂಡೆ.

ಗೇರುಬೀಜದ ಬಟ್ಟಲು

ಮೊದಲ ವಾರ ನಾನು ಮಾಡಿದ್ದೆಲ್ಲ ಅವರು ಆಗಲೇ ಮಾಡಿದ್ದರ ನಕಲು. ಬೇರೆ ಆಹಾರ, ಕಡಿಮೆ ಆಹಾರ, ಆಹಾರವೇ ಇಲ್ಲ. ದಿನವೂ ಬೆಳಿಗ್ಗೆ ನೋಡುವುದು, ದಿನವೂ ಅದೇ ದುಂಡು ಕೋಶಗಳು. ರೂಮಿಗೆ ನಡೆದು ಹೋಗುವಾಗ ಅಲ್ಲಿನ ಕಲ್ಲುಹಾಸಿನ ದಾರಿಯಲ್ಲಿ ಎರಡು ಸಲ ಜಾರಿಬಿದ್ದೆ. ಬಿಳಿ ಕಪ್ಪು ಕಲ್ಲುಗಳಿಂದ ಚಿತ್ತಾರ ಮಾಡಿದ ದಾರಿ, ನೋಡಲು ಚೆಂದ, ನಡೆಯಲು ಪಾಚಿ ಹಿಡಿದ ಬಾವಿಕಟ್ಟೆ. ಎರಡು ಸಲವೂ ನನ್ನನ್ನು ಎಬ್ಬಿಸಿದವರು ನನಗಿಂತ ಮೊದಲು ಕ್ಷಮೆ ಕೇಳಿದರು. ನಮ್ಮಲ್ಲಾದರೆ ಎಬ್ಬಿಸಿದ ಮೇಲೆ ಯಾರ ಮಗಳು, ಎಲ್ಲಿಗೆ ಹೊರಟದ್ದು, ನೋಡಿ ನಡೆಯಬಾರದಾ ಎಂದೆಲ್ಲ ಕೇಳಿ ಆಗಬೇಕು. ಆ ವಿಚಾರಣೆಯೂ ಒಂದು ಸಮಾಧಾನ ಎಂದು ಅಲ್ಲಿ ಬಿದ್ದಾಗ ಗೊತ್ತಾಯಿತು.

ಆ ಶುಕ್ರವಾರ ಸಂಜೆ ಯಾರದ್ದೋ ಹುಟ್ಟುಹಬ್ಬ. ಮೇಜಿನ ಮೇಲೆ ಹುರಿದ ಗೇರುಬೀಜದ ಬಟ್ಟಲು ಇಟ್ಟಿದ್ದರು. ಎಲ್ಲರೂ ಮಾತಾಡುತ್ತಿದ್ದರು, ನನ್ನ ಮನಸ್ಸು ಎಲ್ಲೋ ಇತ್ತು. ಸ್ವಲ್ಪ ಹೊತ್ತಿಗೆ ಮಾತು ನಿಂತ ಹಾಗಾಯಿತು. ತಲೆ ಎತ್ತಿದರೆ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ. ನನಗೇ ಗೊತ್ತಿಲ್ಲದೆ ಬಟ್ಟಲಿನ ಬೀಜವನ್ನೆಲ್ಲ ಕಾಗದದ ಮೇಲೆ ಸುರಿದು, ಇಡೀ ಬೀಜ ಒಂದು ರಾಶಿ, ಸೀಳು ಒಂದು ರಾಶಿ, ಚೂರು ಒಂದು ರಾಶಿ, ಕಪ್ಪು ಕಲೆ ಇದ್ದದ್ದು ಒಂದು ರಾಶಿ ಮಾಡಿ ಇಟ್ಟಿದ್ದೆ. ರಜಾದಿನಗಳಲ್ಲಿ ಅಮ್ಮನ ಪಕ್ಕ ಕೂತು ಕಲಿತದ್ದು. ಬೆರಳು ತಾನೇ ಓಡುತ್ತದೆ.

"ಇಷ್ಟು ಬೇಗ ಹೇಗೆ?" ಎಂದು ಕೇಳಿದರು ಟೆರೇಜಾ.

ಅಮ್ಮನ ಕೆಲಸದ ವಿಷಯ ವಿವರಿಸಿದೆ. ಇಡೀ ಬಿಳಿ ಬೀಜ ಮಾತ್ರ ಪರದೇಶಕ್ಕೆ, ಉಳಿದದ್ದು ಊರಿಗೆ. ನಮ್ಮ ಕಡೆ ಒಬ್ಬರ ಮನೆಗೆ ಏನು ಕಳಿಸುವುದಿದ್ದರೂ ಹಾಗೇ: ಒಳ್ಳೆಯದನ್ನು ಹೆಕ್ಕಿ ಕಟ್ಟಿ ಕೊಡುವುದು, ಮಿಕ್ಕಿದ್ದು ನಮಗೆ. "ನಿಮಗೆ ಕಳಿಸಿದ ಯೀಸ್ಟನ್ನೂ ಹಾಗೇ ಹೆಕ್ಕಿದ್ದು," ಎಂದೆ ಸ್ವಲ್ಪ ಜಂಬದಿಂದಲೇ. "ನೂರಾರು ಬೀಜಕಗಳಲ್ಲಿ ಅತ್ಯಂತ ಚೆನ್ನಾಗಿ ಬೆಳೆದ ಒಂದನ್ನು."

ಟೆರೇಜಾ ಏನೋ ಹೇಳಲು ಹೊರಟರು, ಅಷ್ಟರಲ್ಲಿ ಕೇಕ್ ಬಂತು.

ಭಾನುವಾರ, ಜುವಾಕಿಂ ಅವರ ಹಳ್ಳಿ

ನನ್ನ ಮುಖ ನೋಡಿ ಕನಿಕರಪಟ್ಟು ಜುವಾಕಿಂ ಭಾನುವಾರ ತಮ್ಮ ಮನೆಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ ದ್ರಾಕ್ಷಿ ತೋಟಗಳು, ಕೊಯ್ಲಿನ ಸಮಯ. ಮನೆಗೆ ಕೆಂಪು ಹಂಚಿನ ಮಾಡು. ಅಂಗಳದ ಮೂಲೆಯಲ್ಲಿ ಒಡೆದ ಹಂಚುಗಳನ್ನು ಜೋಡಿಸಿ ಇಟ್ಟಿದ್ದರು. ಬೇಕಾದೀತು ಎಂದು ಯಾವುದನ್ನೂ ಎಸೆಯದ ಮನೆ. ನನಗೆ ಅಲ್ಲಿ ಸಲೀಸಾಯಿತು.

ಅವರ ಹೆಂಡತಿ ರೋಜಾ ರೊಟ್ಟಿಗೆ ಹಿಟ್ಟು ನಾದಲು ಹೊರಟಿದ್ದರು. ಅಂಗಡಿಯ ಯೀಸ್ಟ್ ಆ ಮನೆಯಲ್ಲಿಲ್ಲ. ಹೋದ ವಾರದ ಹಿಟ್ಟಿನ ಒಂದು ಉಂಡೆಯನ್ನು ಬಟ್ಟೆ ಮುಚ್ಚಿ ಇಟ್ಟಿರುತ್ತಾರೆ, ಅದೇ ಹುಳಿ. ಆದರೆ ನಾದುವ ಮೊದಲು ರೋಜಾ ಆ ಉಂಡೆಯನ್ನು ಅರ್ಧ ಮಾಡಿ, ಅರ್ಧವನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೋದರು. ಬರುವಾಗ ಆ ಮನೆಯ ಹುಳಿಯ ಅರ್ಧ ಅವರ ಕೈಯಲ್ಲಿತ್ತು. ಎರಡನ್ನೂ ಕೂಡಿಸಿ ಹಿಟ್ಟಿನೊಳಗೆ ಹಾಕಿದರು.

"ಇದು ಯಾಕೆ?" ಎಂದು ಕೇಳಿದೆ. ಜುವಾಕಿಂ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು: "ಒಂದೇ ಮನೆಯಲ್ಲಿ ಇಟ್ಟರೆ ಅದು ಸೋಮಾರಿಯಾಗುತ್ತದೆ ಎನ್ನುತ್ತಾಳೆ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು."

ನಾನು ಹಿಟ್ಟು ನೋಡುತ್ತಾ ನಿಂತೆ. ಕಣ್ಣಮುಂದೆ ಮಾವ ಕಂಡರು. ಮಳೆಗಾಲಕ್ಕೆ ಮೊದಲು ಹಿತ್ತಿಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಮಡಕೆಗಳನ್ನು ಸುತ್ತ ಇಟ್ಟುಕೊಂಡು, ಪ್ರತಿಯೊಂದರಿಂದಲೂ ಎರಡು ಬೆರಳಲ್ಲಿ ಮಡ್ಡಿ ತೆಗೆದು ಒಂದೇ ಚೂರಿಗೆ ಸವರುತ್ತಿದ್ದರು. ಒಂದು ಮರವನ್ನೂ ಬಿಡುತ್ತಿರಲಿಲ್ಲ. ಆ ಪದ್ಧತಿಯನ್ನು ನಾನು ನನ್ನ ಪ್ರಬಂಧದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಹಿರಿಯರ ನಂಬಿಕೆ ಎಂದು ಬರೆದಿದ್ದೆ.

ಅಂಗಳಕ್ಕೆ ಓಡಿ ಮಾವನಿಗೆ ಫೋನು ಹಚ್ಚಿದೆ.

"ಮಾವ, ಮಡಕೆ ಚೂರಿಗೆ ಒಂದೇ ಮರದ ಮಡ್ಡಿ ಸವರಿದರೆ ಎಂತ ಆಗ್ತದೆ?"

"ಎಂತದೂ ಆಗುದಿಲ್ಲ."

"ಅಂದರೆ?"

"ಅಂದರೆ ಎಂತದೂ ಆಗುದಿಲ್ಲ ಅಂತ. ಮಳೆ ಬಿಟ್ಟ ಮೇಲೆ ಹಾಕಿದರೆ ಏಳುದಿಲ್ಲ ಕೆಲವು. ಎಲ್ಲ ಮರದ್ದೂ ಸೇರಬೇಕು. ನಿನ್ನ ಅಜ್ಜ ಹೇಳಿದ್ದು. ನಾನೂ ನಿನಗೆ ಹೇಳಿದ್ದೇನಲ್ಲ, ನೀನು ಎಲ್ಲಿ ಕೇಳ್ತಿ? ನೀನು ಆಗ ಬುಕ್ಕು ಬರೀತಾ ಇದ್ದೆ."

"ಮಾವ, ನಾನು ಒಂದನ್ನೇ ಹೆಕ್ಕಿ ಕಳಿಸಿದ್ದು ಇವರಿಗೆ. ಒಂದೇ ಬೀಜದಿಂದ ಬೆಳೆಸಿದ್ದು."



"ಒಂದನ್ನೇ?" ಎಂದರು ಮಾವ. "ಮಾರಾಯ್ತಿ, ಒಂದನ್ನು ಮಾತ್ರ ಕಳಿಸಿ ಸಂಸಾರ ಮಾಡು ಅಂದರೆ ಅದು ಎಲ್ಲಿಂದ ಮಾಡುದು? ಅದಕ್ಕೆ ಒಂದು ಜೊತೆ ಬೇಡವಾ?"

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇದು ಪಾಠದಲ್ಲಿ ಇಲ್ಲದ ವಿಷಯವಲ್ಲ. ಕೆಲವು ಯೀಸ್ಟುಗಳು ಒಂಟಿಯಾಗಿ ಮೊಳೆತರೂ ತಾವೇ ಬಗೆ ಬದಲಾಯಿಸಿಕೊಂಡು ಮನೆಯೊಳಗೇ ಜೊತೆ ಮಾಡಿಕೊಳ್ಳುತ್ತವೆ. ಇನ್ನು ಕೆಲವು ಹಾಗಲ್ಲ. ಹುಟ್ಟಿದ ಬಗೆಯಲ್ಲೇ ಕೊನೆಯವರೆಗೆ ಇರುತ್ತವೆ, ಇನ್ನೊಂದು ಬಗೆಯದ್ದು ಸಿಗದಿದ್ದರೆ ಮೊಗ್ಗು ಬಿಡುತ್ತಾ ಕಾಯುತ್ತವೆ. ಇದನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಆದರೆ ಹೆಕ್ಕುವ ಚಟ ಬೋರ್ಡಿಗಿಂತ ಹಳೆಯದು. ಒಳ್ಳೆಯದನ್ನು ಕಳಿಸಬೇಕು ಎಂಬ ಒಂದೇ ಹಟದಲ್ಲಿ ಜೊತೆಯನ್ನು ಊರಲ್ಲೇ ಬಿಟ್ಟು ಒಂದನ್ನು ಮಾತ್ರ ವಿಮಾನ ಹತ್ತಿಸಿದ್ದೆ.

ಹೊರಡುವಾಗ ಜುವಾಕಿಂ ಅವರನ್ನು ಒಂದು ಒಡೆದ ಹಂಚು ಕೇಳಿದೆ. ಅವರು ಯಾಕೆ ಎಂದು ಕೇಳದೆ ಎರಡು ಕೊಟ್ಟರು.

ಗಾಜಿನ ಸೂಜಿ

ಸೋಮವಾರ ಟೆರೇಜಾ ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. "ನಾನು ಕಳಿಸಿದ ಎರಡನೆಯ ಟ್ಯೂಬು ಎಲ್ಲಿ?"

"ಆ ಕೊಳೆಯದ್ದಾ? ಫ್ರೀಜರಿನಲ್ಲಿದೆ. ನಾವು ತೆರೆಯಲೇ ಇಲ್ಲ."

"ನನಗೆ ಬೇಕು."

ಅವರಿಗೆ ನನ್ನ ತಪ್ಪನ್ನು ನಾನೇ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ, ಪತ್ರದಲ್ಲಿ ನಾನೂ ಜೋರಾಗಿಯೇ ಬರೆದಿದ್ದೆ. ಅವರು ಹುಬ್ಬು ಎತ್ತಿ ಕೇಳಿ, "ಆಗಬಹುದು. ಆದರೆ ಆಗಿದೆ ಎಂದು ತೋರಿಸಬೇಕು," ಎಂದರು. ಈ ಜಾತಿಗೆ ಬಗೆ ಗೊತ್ತಿರುವ ಜೊತೆ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ಇದ್ದರೆ ಈ ಪುಡಿಯೊಳಗೇ ಇರಬೇಕು.

ಸೂಕ್ಷ್ಮದರ್ಶಕಕ್ಕೆ ಜೋಡಿಸಿದ, ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿಯಿಂದ ಬೀಜಕಗಳನ್ನು ಒಂದೊಂದಾಗಿ ಎತ್ತಿ ಬೇರೆ ಬೇರೆ ಜಾಗದಲ್ಲಿ ಇಡುವ ಕೆಲಸವೊಂದುಂಟು. ಅವರಲ್ಲಿ ಅದಕ್ಕೆ ನುರಿತವರು ಇಬ್ಬರೇ. ಒಂದನ್ನು ಎತ್ತಲು ಉಸಿರು ಬಿಗಿಹಿಡಿದು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಾರೆ. ನನಗೆ ಮೊದಲ ಅರ್ಧ ಗಂಟೆ ಕೈ ಹೊಂದಲಿಲ್ಲ. ಒಂದು ಸೂಜಿ ಮುರಿದೆ. ಆಮೇಲೆ ಇದು ಗೊತ್ತಿರುವ ಕೆಲಸ ಎಂದು ಬೆರಳಿಗೆ ಅನ್ನಿಸಿತೋ ಏನೋ. ಪುಡಿಯ ಆ ಗೋಜಲಿನಲ್ಲಿ ಟೊಪ್ಪಿ ಆಕಾರದ್ದನ್ನು ಮಾತ್ರ ನೋಡುವುದು, ಮುಟ್ಟುವುದು, ಪಕ್ಕಕ್ಕೆ ಇಡುವುದು. ಮಧ್ಯಾಹ್ನದೊಳಗೆ ಹದಿನೆಂಟು ಸಾಲಾಗಿ ಕೂತಿದ್ದವು. ಜುವಾಕಿಂ ಹಿಂದೆ ನಿಂತು ನೋಡುತ್ತಿದ್ದವರು ಹೋಗಿ ಇನ್ನೊಬ್ಬರನ್ನು ಕರೆತಂದರು. ಅವರು ಮತ್ತೊಬ್ಬರನ್ನು ಕರೆದರು. ನನ್ನ ಅಮ್ಮ ಇದನ್ನು ನೋಡಿದ್ದರೆ "ಇಷ್ಟೇಯಾ?" ಎನ್ನುತ್ತಿದ್ದಳು. ಅವಳ ಕಾರ್ಖಾನೆಯಲ್ಲಿ ಅವಳಷ್ಟು ಬೇಗ ಹೆಕ್ಕುವವರು ಇರಲಿಲ್ಲ. ಈ ಮಾತನ್ನು ನಾನು ಅಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮೊಳೆತು ಬೆಳೆಯಲು ಎರಡು ಮೂರು ದಿನ. ಗುರುವಾರ ಬೆಳಿಗ್ಗೆ ಹದಿನೆಂಟನ್ನೂ ಒಂದೊಂದಾಗಿ ನನ್ನ ಶುದ್ಧ ಟ್ಯೂಬಿನ ಯೀಸ್ಟಿನ ಜೊತೆ ಬೆರೆಸಿ ಇಟ್ಟೆ. ಊಟ ಮುಗಿಸಿ ಬಂದು ನೋಡಲು ಕೂತೆ. ಮೊದಲನೆಯದರಲ್ಲಿ ಏನಿಲ್ಲ. ಎರಡನೆಯದರಲ್ಲಿ ಇಲ್ಲ. ಮೂರರಲ್ಲೂ ಇಲ್ಲ.

ನಾಲ್ಕನೆಯದರಲ್ಲಿ ಕೋಶಗಳು ದುಂಡಗಿರಲಿಲ್ಲ. ಒಂದು ಕೋಶ ಒಂದು ಬದಿಗೆ ಮೂಗು ಚಾಚಿತ್ತು. ಅದರ ಎದುರಿನದ್ದೂ ಇತ್ತ ಚಾಚಿತ್ತು. ಯೀಸ್ಟಿಗೆ ಕಣ್ಣಿಲ್ಲ, ಕಾಲಿಲ್ಲ. ಒಂದು ಬಗೆಯದ್ದು ಬಿಡುವ ರಾಸಾಯನಿಕವನ್ನು ಇನ್ನೊಂದು ಬಗೆಯದ್ದು ಗುರುತಿಸಿ, ಅದು ಬರುವ ದಿಕ್ಕಿಗೆ ಬೆಳೆಯುತ್ತದೆ. ಪಕ್ಕದಲ್ಲಿ ಎರಡು ಆಗಲೇ ಮುಟ್ಟಿಕೊಂಡಿದ್ದವು. ಇನ್ನೊಂದು ಕಡೆ ನಡುವಿನ ಗೋಡೆ ಕರಗಿ ಎರಡೂ ಒಂದಾಗಿ, ಜೋಡಿ ಬೀಜದ ನೆಲಗಡಲೆಯ ಹಾಗೆ ಕಾಣುತ್ತಿತ್ತು. ಎಂಟು ತಿಂಗಳು ಯಾರೂ ಇಲ್ಲದೆ ಆ ತಟ್ಟೆಗಳಲ್ಲಿ ಸುಮ್ಮನೆ ಕೂತಿದ್ದ ನನ್ನ ಯೀಸ್ಟ್ ಅದು. ನನಗೆ ಅಳು ಬಂತು. ಸೂಕ್ಷ್ಮದರ್ಶಕದ ಗಾಜು ಮಂಜಾಯಿತು.

ಟೆರೇಜಾ ಬಂದು ನೋಡಿದರು. ತಟ್ಟನೆ ಎದ್ದು ಹೊರಗೆ ಹೋದರು. ಮುನಿಸೋ ಏನೋ ಎಂದುಕೊಂಡೆ. ಒಂದು ಕುರ್ಚಿ ಹಿಡಿದುಕೊಂಡು ವಾಪಸ್ಸು ಬಂದು ನನ್ನ ಪಕ್ಕ ಕೂತು ಸಂಜೆಯವರೆಗೂ ನೋಡಿದರು.

ಹಂಚಿನ ತುಂಡು

ಬೀಜಕ ಹುಟ್ಟಬೇಕಾದರೆ ಇನ್ನು ಉಪವಾಸ ಬೇಕು. ಸೇರಿದ ಕೋಶಗಳ ಒಂದು ಪಾಲನ್ನು ಅವರ ಆಹಾರವಿಲ್ಲದ ತಟ್ಟೆಗೆ ಹಾಕಿದೆ. ಇನ್ನೊಂದು ಪಾಲನ್ನು ಜುವಾಕಿಂ ಕೊಟ್ಟ ಹಂಚಿನ ತುಂಡಿನ ಮೇಲೆ ಸವರಿದೆ. ಹಂಚನ್ನು ಮೊದಲೇ ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿದ್ದೆ. ಮಾವ ಸವರುವ ಹಾಗೇ ಎರಡು ಬೆರಳಲ್ಲಿ, ಕೈಗವಸು ಹಾಕಿಕೊಂಡು.

ಲ್ಯಾಬಿನ ಕಿರಿಯರು ನಕ್ಕರು. ಟೆರೇಜಾ ನಗಲಿಲ್ಲ. "ಹಿಂದಿನ ಕಾಲದವರು ಒದ್ದೆ ಪ್ಲಾಸ್ಟರಿನ ತುಂಡಿನ ಮೇಲೆ ಬೀಜಕ ಬರಿಸುತ್ತಿದ್ದರು. ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೇನೆ, ನೋಡಿಲ್ಲ," ಎಂದರು. ನಮ್ಮ ಅಜ್ಜ ಅದನ್ನು ಓದಿರಲಿಲ್ಲ ಎಂದೆ.

ನಾಲ್ಕು ದಿನ ಮಾಡಲು ಕೆಲಸವಿಲ್ಲ. ದೋಣಿಯಲ್ಲಿ ನದಿ ದಾಟಿ ಲಿಸ್ಬನ್ ನೋಡಿ ಬಂದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ಚರ್ಚು, ಕೋಟೆ, ಏರಿಳಿವ ಬೀದಿಯಲ್ಲಿ ಓಡುವ ಹಳದಿ ಟ್ರಾಮು, ಎಲ್ಲದರ ಮೇಲೂ ನನಗೆ ಕಂಡದ್ದು ಹಂಚಿನ ತುಂಡೇ.

ಸೋಮವಾರ ಹಂಚಿನಿಂದ ಸ್ವಲ್ಪ ಕೆರೆದು ನೋಡಿದೆ. ಒಂದು ಪಾರದರ್ಶಕ ಚೀಲದೊಳಗೆ ನಾಲ್ಕು ಟೊಪ್ಪಿಗಳು. ಪಕ್ಕದ ಚೀಲದಲ್ಲೂ ನಾಲ್ಕು. ಕಂಡಲ್ಲೆಲ್ಲ ನಾಲ್ಕು ನಾಲ್ಕು. ತಟ್ಟೆಯ ಪಾಲಿನಲ್ಲೂ ಇದ್ದವು, ಆದರೆ ಅಲ್ಲೊಂದು ಇಲ್ಲೊಂದು. ಕೂಗಬಾರದು ಎಂದು ಗೊತ್ತಿದ್ದರೂ ಕೂಗಿದೆ. ರೋಜಾ ಅವರ ಶೂಸು ಟಪಟಪ ಮಾಡುತ್ತಾ ಓಡಾಡಿ ಕೋಣೆಯಿಂದ ಕೋಣೆಗೆ ಹೋಗಿ ಎಲ್ಲರನ್ನೂ ಎಳೆದು ತಂದೆ.

ಟೆರೇಜಾ ತುಂಬ ಹೊತ್ತು ನೋಡಿ ತಲೆ ಎತ್ತಿದರು. "ಇವು ನಿಮ್ಮ ಟ್ಯೂಬಿನ ಮಕ್ಕಳು ಎಂದು ಹೇಗೆ ಗೊತ್ತು? ಪುಡಿಯಿಂದ ಬಂದ ಆ ಜೊತೆಗಾರ ಒಂಟಿಯಾಗಿಯೇ ಬೀಜಕ ಬಿಟ್ಟಿದ್ದರೆ?"

ಸಿಟ್ಟು ಬಂತು. ಆದರೆ ಪ್ರಶ್ನೆ ಸರಿಯಾದದ್ದೇ. ಸೂಜಿಯ ಮುಂದೆ ಮತ್ತೆ ಕೂತೆ. ಒಂದೇ ಚೀಲದ ನಾಲ್ಕನ್ನು ಬಿಡಿಸಿ ಬೇರೆ ಬೇರೆ ಇಟ್ಟೆ. ಹಾಗೆ ಹತ್ತು ಚೀಲ. ನಿಜವಾಗಿ ಇಬ್ಬರು ಸೇರಿ ಹುಟ್ಟಿದ ಮಕ್ಕಳಾದರೆ ನಾಲ್ಕರಲ್ಲಿ ಎರಡು ಒಂದು ಬಗೆ, ಎರಡು ಇನ್ನೊಂದು ಬಗೆ ಇರಬೇಕು. ಗುರುವಾರ ಎಲ್ಲವನ್ನೂ ನನ್ನ ಟ್ಯೂಬಿನ ಜೊತೆ ಸೇರಿಸಿ ನೋಡಿದೆವು, ನಾನು ಮತ್ತು ಟೆರೇಜಾ, ಒಂದೇ ಸೂಕ್ಷ್ಮದರ್ಶಕಕ್ಕೆ ಸರದಿಯಲ್ಲಿ ಕಣ್ಣಿಟ್ಟು. ಮೊದಲ ಚೀಲದ ನಾಲ್ಕರಲ್ಲಿ ಎರಡು ಮೂಗು ಚಾಚಿದವು, ಎರಡು ಸುಮ್ಮನಿದ್ದವು. ಸುಮ್ಮನಿದ್ದ ಎರಡನ್ನು ಪುಡಿಯ ಆ ಜೊತೆಗಾರನ ಹತ್ತಿರ ಇಟ್ಟರೆ ಅವು ಚಾಚಿದವು. ಎರಡನೆಯ ಚೀಲದಲ್ಲೂ ಎರಡು, ಎರಡು. ಹತ್ತರಲ್ಲೂ ಹಾಗೇ.

"ಸಾಕು," ಎಂದರು ಟೆರೇಜಾ. "ಒಪ್ಪಿದೆ." ಅಂದು ಅವರು ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ.

ಕೊನೆಯ ಶುಕ್ರವಾರ

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಹದಿನೈದು ಹದಿನಾರು ಜನ. ನಾನು ಸೀರೆ ಉಟ್ಟು ಹೋಗಿದ್ದೆ, ಕೆಳಗೆ ಅದೇ ಶೂಸು. ಚಿತ್ರಗಳನ್ನು ತೋರಿಸಿ ನನ್ನ ಮಾತು ಮುಗಿಸಿದೆ. ಆಮೇಲೆ ಟೆರೇಜಾ ಎದ್ದು ನಿಂತು ತಮ್ಮ ಹಳೆಯ ಪತ್ರವನ್ನು ತಾವೇ ಓದಿದರು. "ಮಡಕೆಯ ಕೊಳೆ ಎಂದು ನಾನು ಬರೆದಿದ್ದೇನೆ. ಅದು ತಪ್ಪು. ನಮ್ಮ ಫ್ರೀಜರಿನಲ್ಲಿ ಎಂಟು ತಿಂಗಳು ಉತ್ತರ ಇತ್ತು, ನಾವು ತೆರೆಯಲಿಲ್ಲ," ಎಂದರು. ಇಷ್ಟು ಜನರ ಎದುರು ಹೀಗೆ ಹೇಳುವುದಕ್ಕೂ ಗಟ್ಟಿತನ ಬೇಕು. ನಮ್ಮ ಕಾಲೇಜುಗಳಲ್ಲಿ ನಾನು ಇಂಥದ್ದನ್ನು ಕಂಡಿಲ್ಲ, ನಾನೂ ಮಾಡಿಲ್ಲ.

"ಎಲ್ಲ ಮರದ್ದೂ ಸೇರಿಸಬೇಕು ಎಂದವರನ್ನು ನಾನು ನೋಡಬಹುದೇ?" ಎಂದು ಕೇಳಿದರು.

ಊರಲ್ಲಿ ಆಗ ಸಂಜೆ ನಾಲ್ಕೂವರೆ. ಫೋನನ್ನು ದೊಡ್ಡ ಪರದೆಗೆ ಜೋಡಿಸಿ ವೀಡಿಯೊ ಕರೆ ಮಾಡಿದೆ. ಮಾವ ಮರದ ಬುಡದಲ್ಲಿದ್ದರು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಸೊಂಟದಲ್ಲಿ ಕತ್ತಿ, ಮೈಯೆಲ್ಲ ಬೆವರು. ಮಳೆ ಬಿಟ್ಟು ಹತ್ತಲು ಶುರುಮಾಡಿ ವಾರವಾಗಿತ್ತಷ್ಟೆ.

"ಮಾವ, ಇವರು ಟೆರೇಜಾ ಮೇಡಂ. ನಿಮ್ಮ ಮಡಕೆಯ ವಿಷಯ ಬರೆದವರು."

"ಹೌದಾ? ಕೊಳೆ ಅಂತ ಬರೆದದ್ದು ಇವರೇಯಾ?"

"ಇವರೇ. ತಪ್ಪಾಯಿತು ಅಂತ ಹೇಳಿದರು ಈಗ, ಎಲ್ಲರ ಎದುರು."

ಮಾವ ಸ್ವಲ್ಪ ಹೊತ್ತು ಪರದೆಯಲ್ಲಿ ಟೆರೇಜಾ ಅವರ ಮುಖ ನೋಡಿದರು. "ಅಷ್ಟು ದೊಡ್ಡವರು ತಪ್ಪಾಯಿತು ಅಂತೆಲ್ಲ ಹೇಳುದು ಬೇಡ ಅಂತ ಹೇಳು," ಎಂದರು ಮೆತ್ತಗೆ. "ಗೊತ್ತಿರಲಿಲ್ಲ, ಅಷ್ಟೇ. ಈಗ ಗೊತ್ತಾಯ್ತಲ್ಲ?"

ನಾನು ತಿರುಗಿಸಿ ಹೇಳಿದೆ. ಟೆರೇಜಾ ತಲೆ ಬಗ್ಗಿಸಿ ಎರಡೂ ಕೈ ಜೋಡಿಸಿದರು. ಯಾರೂ ಹೇಳಿಕೊಟ್ಟದ್ದಲ್ಲ, ಮೂರು ವಾರ ನನ್ನನ್ನು ನೋಡಿ ಕಲಿತದ್ದು. ಮಾವ ಮುಟ್ಟಾಳೆ ತೆಗೆದು ಕೈ ಜೋಡಿಸಿ ಮತ್ತೆ ಹಾಕಿಕೊಂಡರು.

"ನಾನು ಹತ್ತಬೇಕು ಮಗಾ. ಕತ್ತಲೆಗೆ ಮೊದಲು ಇನ್ನು ಏಳು ಮರ ಉಂಟು," ಎಂದು ಹೇಳಿ, ಫೋನನ್ನು ಆಫ್ ಮಾಡಲು ಗೊತ್ತಾಗದೆ, ಅದನ್ನು ಎದುರಿನ ಕಲ್ಲಿಗೆ ಒರಗಿಸಿ ಇಟ್ಟರು. ಪರದೆಯ ತುಂಬ ತೆಂಗಿನ ಕಾಂಡ. ಮಾವ ಪಾದ ಊರಿ ಏರಲು ಶುರುಮಾಡಿದರು. ಮೊದಲು ತಲೆ ಪರದೆಯಿಂದ ಹೊರಗೆ ಹೋಯಿತು, ಆಮೇಲೆ ಬೆನ್ನು, ಸೊಂಟದ ಕತ್ತಿ, ಕೊನೆಗೆ ಎರಡು ಹಿಮ್ಮಡಿ. ಉಳಿದದ್ದು ಬರೀ ಕಾಂಡ, ಮೇಲಿನಿಂದ ಕಳ್ಳು ಇಳಿಯಲೆಂದು ಹೂಗೊನೆಯನ್ನು ತಟ್ಟುವ ಶಬ್ದ.

ಕರೆ ಕತ್ತರಿಸಲೆಂದು ನಾನು ಕೈ ಚಾಚಿದೆ. ಟೆರೇಜಾ ನನ್ನ ಕೈ ಹಿಡಿದು ತಡೆದರು. ಜುವಾಕಿಂ ಆಗಲೇ ಎದ್ದು ನಿಂತಿದ್ದರು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಮಾವ ಮಡಕೆ ಹಿಡಿದುಕೊಂಡು ಕೆಳಗೆ ಇಳಿಯುವವರೆಗೆ ಆ ಕೋಣೆಯಲ್ಲಿ ಯಾರೂ ಕೂರಲಿಲ್ಲ.